ಹಿಡಿದ ಮೀನನ್ನು ಬಿಡುವವರ ನಡುವೆ: ತೀರ್ಥನ್ ಕಣಿವೆಯ ಪ್ರವಾಸ

ಮೊದಲ ದಿನ: ಔಟ್‌ನಿಂದ ಗುಶೈನಿಗೆ

ಚಂಡೀಗಢದಿಂದ ರಾತ್ರಿ ಹೊರಟ ಮನಾಲಿ ಬಸ್ಸು ಬೆಳಗಿನ ಜಾವದ ಕತ್ತಲಲ್ಲಿ ನಮ್ಮಿಬ್ಬರನ್ನು ಔಟ್ ಸುರಂಗದ ಬಾಯಲ್ಲಿ ಇಳಿಸಿ ಮುಂದೆ ಹೋಯಿತು. ಈ ದಾರಿಯಲ್ಲಿ ಬರುವ ಬಹುಪಾಲು ಪ್ರವಾಸಿಗರು ಆ ಸುರಂಗವನ್ನು ಹೊಕ್ಕು ಕುಲ್ಲು, ಮನಾಲಿಗಳತ್ತ ಸಾಗುತ್ತಾರೆ. ತೀರ್ಥನ್ ಕಣಿವೆಗೆ ಹೋಗುವವರು ಮಾತ್ರ ಸುರಂಗದ ಹೊರಗೇ ಕವಲೊಡೆಯುವ ರಸ್ತೆಯನ್ನು ಹಿಡಿದು, ಲಾರ್ಜಿ ಅಣೆಕಟ್ಟನ್ನು ದಾಟಿ, ಬಂಡೆ ಕೊರೆದು ಮಾಡಿದ ತಿರುವುಗಳಲ್ಲಿ ಬಂಜಾರದವರೆಗೆ ಏರಬೇಕು. ಲಾರ್ಜಿಯ ಬಳಿ ತೀರ್ಥನ್ ನದಿ ಸೈಂಜ್‌ನೊಂದಿಗೆ ಕೂಡಿ ಬಿಯಾಸ್ ಸೇರುತ್ತದೆ. ಅಲ್ಲಿಂದ ಮೇಲಕ್ಕೆ ಹೋದಂತೆ ನೀರಿನ ಬೂದು ಬಣ್ಣ ಕಳೆದು, ತಳದ ಕಲ್ಲು ಎಣಿಸುವಷ್ಟು ತಿಳಿಯಾಗುತ್ತದೆ. ನಡುವೆ ಮಂಗಲೌರ್ ಎಂಬ ಊರಿನ ಫಲಕ ಕಂಡು ಕರಾವಳಿಯವನಾದ ನನ್ನ ಗೆಳೆಯ ಜೋರಾಗಿ ನಕ್ಕಾಗ, ಟ್ಯಾಕ್ಸಿಯ ಚಾಲಕರು ಏನೋ ತಪ್ಪಾಯಿತೆಂದುಕೊಂಡು ಗಾಡಿಯನ್ನೇ ನಿಲ್ಲಿಸಿದರು.

ಗೆಳೆಯನದು ಗಾಳದ ಹುಚ್ಚು. ನನ್ನದು ಅವನ ಚೀಲ ಹೊತ್ತು ನಡೆದು, ದಂಡೆಯಲ್ಲಿ ಕೂತು ನೋಡುವ ಕೆಲಸ. ಅಕ್ಟೋಬರ್ ಮೂರನೆಯ ವಾರವನ್ನು ಅವನೇ ಆರಿಸಿದ್ದ. ಮಳೆಗಾಲದ ಕೆಸರೆಲ್ಲ ಇಳಿದು ನದಿ ತಿಳಿಯಾಗಿರುತ್ತದೆ, ಋತು ಮುಗಿಯಲು ಇನ್ನೂ ಕೆಲವು ದಿನಗಳಿರುತ್ತವೆ ಎಂಬುದು ಅವನ ಲೆಕ್ಕ. ತಣ್ಣೀರಿನ ಮೀನಾದ ಟ್ರೌಟ್ ಇರುವ ಹಿಮಾಚಲದ ನದಿಗಳಲ್ಲಿ ನವೆಂಬರ್ 1ರಿಂದ ಫೆಬ್ರವರಿ ಕೊನೆಯವರೆಗೆ ಗಾಳ ಹಾಕುವಂತಿಲ್ಲ, ಏಕೆಂದರೆ ಬ್ರೌನ್ ಟ್ರೌಟ್ ಮೊಟ್ಟೆಯಿಡುವುದು ಆ ಚಳಿಯಲ್ಲಿಯೇ. ಉಳಿದ ತಿಂಗಳುಗಳಲ್ಲಿಯೂ ಮೀನುಗಾರಿಕೆ ಇಲಾಖೆಯ ಪರವಾನಗಿ ಬೇಕು, ಕೋಲು ಮತ್ತು ದಾರದಿಂದಷ್ಟೇ ಹಿಡಿಯಬೇಕು, ಬಲೆ ಬೀಸುವಂತಿಲ್ಲ. ಬಂಜಾರದಲ್ಲಿ ಚಹಾ ಕುಡಿಯುತ್ತಿದ್ದಾಗಲೇ ನಾವು ಉಳಿಯಲಿದ್ದ ಮನೆಯ ಯಜಮಾನರು ಫೋನ್ ಮಾಡಿ, ಪರವಾನಗಿಯ ಚೀಟಿ ಕೈಗೆ ಬಂದ ಮೇಲೆಯೇ ಮುಂದೆ ಬನ್ನಿ ಎಂದು ನಗುತ್ತಲೇ ಆದರೆ ಖಡಾಖಂಡಿತವಾಗಿ ಹೇಳಿದರು. ಹೀಗಾಗಿ ಆ ಮುಂಜಾನೆ ಕಚೇರಿಯ ಬಾಗಿಲು ತೆರೆಯುವುದನ್ನು ಕಾಯುವುದರಲ್ಲಿ ಕಳೆಯಿತು. ಈ ಕೆಲಸವಿರುವವರು ಭಾನುವಾರ ಬಂಜಾರಕ್ಕೆ ಬಂದಿಳಿಯದಿರುವುದು ಒಳ್ಳೆಯದು.

ಗುಶೈನಿಯಲ್ಲಿ ಫಲಾಚನ್ ಹಳ್ಳ ಬಂದು ತೀರ್ಥನ್ ಸೇರುತ್ತದೆ. ಮನೆ ನದಿಯ ಆಚೆ ದಂಡೆಯಲ್ಲಿದ್ದುದರಿಂದ ತೂಗುಸೇತುವೆ ದಾಟಿ, ಸೇಬಿನ ತೋಟದ ನಡುವೆ ಹತ್ತಿ ಹೋಗಬೇಕಿತ್ತು. ಕಲ್ಲುಚಪ್ಪಡಿಯ ಮಾಡುಗಳ ಮೇಲೆ ಮೆಕ್ಕೆಜೋಳದ ತೆನೆಗಳನ್ನು ಒಣಗಲು ಹರಡಿದ್ದರು; ಮೆಟ್ಟಿಲು ಗದ್ದೆಗಳಲ್ಲಿ ರಾಜಗಿರಿ ಕೆಂಪಗೆ ನಿಂತಿತ್ತು. ಸಂಜೆ ಯಜಮಾನರ ಪತ್ನಿ ಬಿಸಿಬಿಸಿ ಸಿಡ್ಡು ಬಡಿಸಿದರು. ಹುದುಗಿಸಿದ ಗೋಧಿ ಹಿಟ್ಟಿನೊಳಗೆ ಅಕ್ರೋಟಿನ ಹೂರಣ ತುಂಬಿ ಹಬೆಯಲ್ಲಿ ಬೇಯಿಸಿದ ಆ ಉಂಡೆಗಳನ್ನು ಮುರಿದು ತುಪ್ಪದಲ್ಲಿ ಅದ್ದಿ ತಿನ್ನಬೇಕು. ಜೊತೆಗೆ ಹುರಿದ ಟ್ರೌಟ್ ಬಂದಾಗ ಗೆಳೆಯ ಕೈ ತಡೆದು, "ಇದು ನದಿಯದೇ?" ಎಂದು ಕೇಳಿದ. "ಅಲ್ಲ ಸಾಹೇಬ್, ಕೊಳದ್ದು. ತಿನ್ನುವ ಮೀನು ಬೇರೆ, ನೋಡುವ ಮೀನು ಬೇರೆ" ಎಂದರು ಯಜಮಾನರು. ಕಣಿವೆಯ ಹೋಟೆಲುಗಳಲ್ಲಿ ತಟ್ಟೆಗೆ ಬರುವುದು ಹೆಚ್ಚಾಗಿ ಸಿಮೆಂಟಿನ ಹರಿನೀರಿನ ತೊಟ್ಟಿಗಳಲ್ಲಿ ಸಾಕಿದ ರೇನ್‌ಬೋ ಟ್ರೌಟ್. ಆ ಮೀನು ತಿಂದವರಿಗೆ ಪಾಪಪ್ರಜ್ಞೆಯ ಅಗತ್ಯವಿಲ್ಲ.

ಊಟದ ಬಳಿಕ ಅವರು ಗೆಳೆಯನ ಗಾಳದ ಪೆಟ್ಟಿಗೆಯನ್ನು ತಂದು ದೀಪದ ಕೆಳಗಿಟ್ಟು ಒಂದೊಂದಾಗಿ ಪರೀಕ್ಷಿಸತೊಡಗಿದರು. ತಮ್ಮ ಮನೆಯ ಕೆಳಗಿನ ಹರಿವಿನಲ್ಲಿ ಅತಿಥಿಗಳು ಹಿಡಿದ ಮೀನನ್ನು ಅಲ್ಲಿಯೇ ಬಿಡಬೇಕೆಂದು ಅವರೂ ಅಕ್ಕಪಕ್ಕದ ಕೆಲವರೂ ಕಟ್ಟು ಮಾಡಿಕೊಂಡಿದ್ದಾರೆ. ಇದು ಪರವಾನಗಿಯಲ್ಲಿ ಬರೆದ ಮಾತಲ್ಲ, ಅವರು ತಾವೇ ಹಾಕಿಕೊಂಡ ನಿಯಮ. ಎರೆಹುಳು ಕಟ್ಟುವಂತಿಲ್ಲ, ಮೂರು ಮೊನೆಯ ಗಾಳ ಕೂಡದು, ಒಂಟಿ ಗಾಳದ ಹಿಮ್ಮುಳ್ಳನ್ನೂ (ಮೊನೆಯ ಬಳಿ ಹಿಂದಕ್ಕೆ ಚಾಚಿದ ಚಿಕ್ಕ ಮುಳ್ಳು) ಇಕ್ಕಳದಿಂದ ಒತ್ತಿ ಮಟ್ಟಮಾಡಿರಬೇಕು. ಗೆಳೆಯ ಮೊದಲೇ ಒತ್ತಿ ತಂದಿದ್ದ. ಆದರೂ ಯಜಮಾನರು ಪ್ರತಿ ಗಾಳವನ್ನೂ ತಮ್ಮ ಉಣ್ಣೆಯ ಟೋಪಿಗೆ ಚುಚ್ಚಿ ಎಳೆದು, ನೂಲು ಸಿಕ್ಕಿಕೊಳ್ಳದೆ ಹೊರಬಂದರೆ ಮಾತ್ರ ಬಲಗಡೆಗೆ, ಸಿಕ್ಕಿಕೊಂಡರೆ ಎಡಗಡೆಗೆ ಇಡುತ್ತಿದ್ದರು. ಎಡಗಡೆಯಲ್ಲಿ ಒಂದೆರಡು ಉಳಿದವು.

ಎರಡನೆಯ ದಿನ: ಮಡುಗಳ ನಡುವೆ

ಬೆಳಿಗ್ಗೆ ಎಂಟಾದರೂ ಬಿಸಿಲು ಕಣಿವೆಯ ತಳಕ್ಕೆ ಇಳಿದಿರಲಿಲ್ಲ. ನಮಗೆ ದಾರಿ ತೋರಿಸಲು ಬಂದ ಯಜಮಾನರ ತಮ್ಮನಿಗೂ ಅವಸರವಿರಲಿಲ್ಲ. ನೀರಿಗೆ ಬಿಸಿಲು ತಾಗಿ ಹುಳಹುಪ್ಪಟೆ ಎದ್ದ ಮೇಲೆಯೇ ಮೀನೂ ಏಳುವುದೆಂದು ಅವರು ಇನ್ನೊಂದು ಲೋಟ ಚಹಾ ಹಾಕಿಸಿಕೊಂಡರು. ಹೊರಟ ಮೇಲೆಯೂ ನದಿಯ ಅಂಚಿನಲ್ಲಿ ನಡೆಯಲು ಬಿಡದೆ, ದಂಡೆಯಿಂದ ಸಾಕಷ್ಟು ದೂರದಲ್ಲಿ ಗದ್ದೆಯ ಬದುವಿನ ಮೇಲೆಯೇ ನಮ್ಮನ್ನು ಕರೆದೊಯ್ದರು. ಟ್ರೌಟ್ ಸದಾ ಹರಿವಿಗೆ ಮುಖಮಾಡಿ ನಿಲ್ಲುವ ಮೀನು. ಆದ್ದರಿಂದ ಅದರ ಬೆನ್ನ ಕಡೆಯಿಂದ, ಅಂದರೆ ಕೆಳಗಿನಿಂದ ಮೇಲಕ್ಕೆ, ನೆರಳು ನೀರಿಗೆ ಬೀಳದಂತೆ ಬರಬೇಕು. ಬದುವಿನಲ್ಲಿ ಹುಲ್ಲು ಕೊಯ್ಯುತ್ತಿದ್ದ ಹೆಂಗಸೊಬ್ಬರು ನಮ್ಮ ಬೂಟುಗಳನ್ನು ನೋಡಿ, ಹೋದ ವಾರ ಬಂದವರು ಗೋಡೆಯ ಕಲ್ಲು ಕೆಡವಿ ಹೋದರೆಂದು ದೂರಿದರು. ಗಾಳದವರು ಮೀನಿನ ಮಾತನ್ನಷ್ಟೇ ಆಡುತ್ತಾರೆ; ಆದರೆ ಈ ಮೆಟ್ಟಿಲು ಗದ್ದೆಗಳ ಒಣಕಲ್ಲಿನ ಗೋಡೆಗಳನ್ನು ಹತ್ತಿ ಇಳಿಯದೆ, ಇದ್ದ ದಾರಿಯಲ್ಲಿ ಸುತ್ತಿ ಹೋಗುವುದೂ ನದಿಯ ಮರ್ಯಾದೆಯ ಭಾಗವೇ.

ಮೊದಲ ಮಡುವಿನಲ್ಲಿ ದೆಹಲಿಯಿಂದ ಬಂದ ಹಿರಿಯರೊಬ್ಬರು ಮೊಣಕಾಲುದ್ದ ನೀರಿನಲ್ಲಿ ನಿಂತು ಫ್ಲೈ, ಅಂದರೆ ಹುಳದಂತೆ ಕಾಣುವ ಗಾಳ, ಬೀಸುತ್ತಿದ್ದರು. ನಮ್ಮ ಮಾರ್ಗದರ್ಶಿ ದೂರದಲ್ಲಿಯೇ ಕಲ್ಲಿನ ಮೇಲೆ ಕೂತುಬಿಟ್ಟರು. ಆ ಹಿರಿಯರು ತಿರುಗಿ ನೋಡಿ ತಲೆಯಾಡಿಸುವವರೆಗೂ ಕದಲಲಿಲ್ಲ. ಬಳಿಕ ಹೋಗಿ, ಅವರು ಮೇಲಕ್ಕೆ ಹೋಗುವವರೋ ಇಲ್ಲಿಯೇ ನಿಲ್ಲುವವರೋ ಎಂದು ವಿಚಾರಿಸಿಕೊಂಡು ಬಂದು, ಮುಂದಿನ ಎರಡು ಮಡುಗಳನ್ನು ಬಿಟ್ಟು ಮೂರನೆಯದಕ್ಕೆ ನಮ್ಮನ್ನು ಕರೆದೊಯ್ದರು. ಮೊದಲು ಬಂದವರ ಎದುರಿಗೆ ಇಳಿಯುವುದು, ಅವರು ಸಾಗುವ ದಿಕ್ಕಿನಲ್ಲಿ ಮುಂದೆ ಹೋಗಿ ನೀರು ಕಲಕುವುದು ಈ ಆಟದಲ್ಲಿ ದೊಡ್ಡ ಅಪರಾಧ. ಅದಕ್ಕೆ ದಂಡ ಹಾಕುವ ಕಾನೂನು ಎಲ್ಲಿಯೂ ಇಲ್ಲ.

ಬಹಳ ಹೊತ್ತಿನ ಬಳಿಕ ಗೆಳೆಯನಿಗೆ ಗೇಣಿಗಿಂತ ತುಸು ಉದ್ದದ ಬ್ರೌನ್ ಟ್ರೌಟ್ ಒಂದು ಸಿಕ್ಕಿತು. ಮಾರ್ಗದರ್ಶಿ ಮೊದಲು ಎರಡೂ ಕೈಗಳನ್ನು ನೀರಿನಲ್ಲಿ ಚೆನ್ನಾಗಿ ನೆನೆಸಿಕೊಂಡರು. ಮೀನಿನ ಮೈಮೇಲಿನ ಲೋಳೆಯೇ ಅದರ ರಕ್ಷೆ. ಒಣಗೈ ತಾಗಿ ಲೋಳೆ ಕಿತ್ತುಬಂದ ಜಾಗದಲ್ಲಿ ಬೂಷ್ಟು ಹತ್ತುತ್ತದೆ. ರಬ್ಬರಿನ ಕೈಬಲೆಯೊಳಗೆ, ನೀರಿನಲ್ಲಿಯೇ ಮುಳುಗಿದಂತೆ ಇದ್ದ ಮೀನನ್ನು ನಾನು ಬಗ್ಗಿ ನೋಡಿದೆ: ಬೆಣ್ಣೆ ಬಣ್ಣದ ಹೊಟ್ಟೆ, ಕಂದು ಬೆನ್ನು, ಪಕ್ಕೆಯುದ್ದಕ್ಕೂ ಕಪ್ಪು ಚುಕ್ಕೆಗಳು, ಅವುಗಳ ನಡುವೆ ಸುತ್ತಲೂ ತಿಳಿ ಉಂಗುರವಿರುವ ಕೆಂಪು ಚುಕ್ಕೆಗಳು, ಬಾಲಕ್ಕೆ ಸ್ವಲ್ಪ ಮುಂಚೆ ಬೆನ್ನ ಮೇಲೆ ಮಾಂಸಲವಾದ ಪುಟ್ಟ ರೆಕ್ಕೆ. ಗಾಳದ ಕಾಲನ್ನು ಹಿಡಿದು ಹಿಂದಕ್ಕೆ ತಿರುಗಿಸಿದ್ದೇ ತಡ, ಅದು ತುಟಿಯಿಂದ ಜಾರಿತು. ಬಲೆಯನ್ನು ಓರೆಮಾಡಿ, ಮೀನಿನ ತಲೆ ಹರಿವಿನತ್ತ ಬರುವಂತೆ ಅವರು ಕೈಯಲ್ಲಿ ಹಗುರವಾಗಿ ಆತುಕೊಂಡಿದ್ದರು. ಕಿವಿರುಗಳು ನಿಧಾನವಾಗಿ ತೆರೆದು ಮುಚ್ಚಿ, ಬಾಲ ಒಮ್ಮೆ ಬಲವಾಗಿ ಒದೆದಾಗ ಬೆರಳು ಸಡಿಲಿಸಿದರು. ಫೋಟೊ ತೆಗೆಯಬೇಕೆಂದು ಗೆಳೆಯನಿಗೆ ನೆನಪಾಗುವಷ್ಟರಲ್ಲಿ ಮೀನು ಬಂಡೆಯಡಿ ಸೇರಿಯಾಗಿತ್ತು.

ಮಧ್ಯಾಹ್ನ ಕಣಿವೆಯಲ್ಲಿ ಗಾಳಿ ಎದ್ದಿತು. ಬೀಸಿದ ದಾರ ಹಿಂದಿರುಗಿ ಬಂದು ಫ್ಲೈ ನೇರವಾಗಿ ಗೆಳೆಯನ ಕಿವಿಯ ಹಾಲೆಗೆ ಕಚ್ಚಿಕೊಂಡಿತು. ಹಿಮ್ಮುಳ್ಳಿನ ಗಾಳವಾಗಿದ್ದರೆ ಬಂಜಾರದ ಆಸ್ಪತ್ರೆಯ ದಾರಿ ಹಿಡಿಯಬೇಕಾಗುತ್ತಿತ್ತು. ಮಟ್ಟಮಾಡಿದ ಗಾಳವಾದ್ದರಿಂದ ಮಾರ್ಗದರ್ಶಿ ಮೀನಿಗೆ ಮಾಡಿದಂತೆಯೇ ತಿರುಗಿಸಿ ತೆಗೆದು, "ಇದನ್ನೂ ಬಿಟ್ಟೆ" ಎಂದರು.

ತೂಗುಸೇತುವೆಯ ಕೆಳಗೆ ನಾಲ್ಕೈದು ಯುವಕರು ಗದ್ದಲ ಮಾಡುತ್ತಿದ್ದರು. ಮೂರು ಮೊನೆಯ ಗಾಳ ನೇತುಬಿದ್ದ ಸ್ಪಿನ್ನರಿಗೆ, ಅಂದರೆ ನೀರಿನಲ್ಲಿ ತಿರುಗುವ ಲೋಹದ ಹುಸಿ ಆಮಿಷಕ್ಕೆ, ಒಳ್ಳೆಯ ಗಾತ್ರದ ಮೀನೊಂದು ಸಿಕ್ಕಿತ್ತು. ಅದನ್ನು ಬಿಸಿಲಿಗೆ ಕಾದ ಬಂಡೆಯ ಮೇಲೆ ಹಾಕಿ, ಮರಳು ಮೆತ್ತಿದ ಮೈಯನ್ನು ಒಬ್ಬರಾದ ಮೇಲೊಬ್ಬರು ಎತ್ತಿ ಹಿಡಿದು, ಮೊಬೈಲು ಕೈಯಿಂದ ಕೈಗೆ ದಾಟಿಸಿ, ಕೊನೆಗೆ ಚೆಂಡೆಸೆದಂತೆ ನೀರಿಗೆ ಎಸೆದರು. ಮಾರ್ಗದರ್ಶಿ ಹತ್ತಿರ ಹೋಗಿ, "ಭಾಯ್ ಸಾಹೇಬ್, ಪರ್ಚಿ ಇದೆಯೇ?" ಎಂದು ಮೆಲ್ಲನೆ ಕೇಳಿದರು. ಪರವಾನಗಿಯ ಚೀಟಿ ಇತ್ತು, ಅಂದಿನ ತಾರೀಖಿನದೇ. "ಮೀನನ್ನು ಬಿಟ್ಟೆವಲ್ಲ, ಇನ್ನೇನು?" ಎಂದು ಅವರಲ್ಲೊಬ್ಬ ಕೇಳಿದ. ಅದಕ್ಕೆ ಒಂದೇ ಮಾತಿನ ಉತ್ತರ ಯಾರ ಬಳಿಯೂ ಇರಲಿಲ್ಲ.

ಉತ್ತರ ಇರುವುದು ಲೆಕ್ಕದಲ್ಲಿ. ಕೆನಡಾದ ಸಂಶೋಧಕರು 1992ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ರೇನ್‌ಬೋ ಟ್ರೌಟ್‌ಗಳನ್ನು ದಣಿಯುವವರೆಗೆ ಓಡಿಸಿ ನೀರಿನಲ್ಲಿಯೇ ಬಿಟ್ಟಾಗ ನೂರಕ್ಕೆ 12 ಸತ್ತವು. ಅದೇ ದಣಿವಿನ ಬಳಿಕ 30 ಸೆಕೆಂಡು ಗಾಳಿಯಲ್ಲಿ ಇರಿಸಿದಾಗ 38, ಒಂದು ನಿಮಿಷ ಇರಿಸಿದಾಗ 72 ಸತ್ತವು. ಹರಿಯುವ ನದಿಯಲ್ಲಿ ಅಂಕಿಗಳು ಬೇರೆಯಾಗಬಹುದು, ಆದರೆ ದಿಕ್ಕು ಅದೇ. ನೀರಿನಿಂದ ಹೊರಬಂದ ಮೀನಿನ ಕಿವಿರಿನ ಎಳೆಗಳು ಒಂದಕ್ಕೊಂದು ಅಂಟಿಕೊಂಡು ಉಸಿರು ನಿಲ್ಲುತ್ತದೆ. ಒಂದು ಫೋಟೊಗೆ ಅರ್ಧ ನಿಮಿಷವೆಂದರೂ ಐವರ ಸರದಿ ಮುಗಿಯುವಷ್ಟರಲ್ಲಿ ಮೀನಿನ ಕಥೆ ಮುಗಿದಿರುತ್ತದೆ. ಅದು ಸಾಯುವುದು ಗಂಟೆಗಳ ಬಳಿಕ, ಯಾರ ಕಣ್ಣಿಗೂ ಬೀಳದ ಕಡೆ. ಆದ್ದರಿಂದ ಬಿಟ್ಟವರಿಗೆ ಬಿಟ್ಟ ತೃಪ್ತಿ ಮಾತ್ರ ಉಳಿಯುತ್ತದೆ. ನನ್ನ ಮಟ್ಟಿಗೆ, ಬಲೆ ಹಾಕಿ ತಿನ್ನುವ ಕಳ್ಳನಿಗಿಂತ ಇವರ ವಿಷಯದಲ್ಲಿ ಮಾತಾಡುವುದು ಕಷ್ಟ. ಕಳ್ಳನಿಗೆ ತಾನು ಮಾಡುತ್ತಿರುವುದೇನೆಂದು ಗೊತ್ತಿರುತ್ತದೆ.

ಇಳಿಹೊತ್ತಿನಲ್ಲಿ ಹಿಂದಿರುಗುವಾಗ ಸೇತುವೆಯ ಕೆಳಗಿನ ನಿಂತ ನೀರಿನಲ್ಲಿ ಒಂದು ಮೀನು ಹೊಟ್ಟೆ ಮೇಲಾಗಿ ತೇಲುತ್ತಿತ್ತು, ದವಡೆಯ ಬಳಿ ಹರಿದ ಗಾಯವಿತ್ತು. ಅದನ್ನು ಮನೆಗೆ ಒಯ್ದರಾಗದೇ ಎಂದು ನಾನು ಕೇಳಿದೆ. "ಒಯ್ದರೆ ನಾಳೆ ಇನ್ನೊಬ್ಬರಿಗೆ ಹೇಳಲು ನನಗೆ ಬಾಯಿ ಇರುವುದಿಲ್ಲ" ಎಂದು ಮಾರ್ಗದರ್ಶಿ ಅದನ್ನು ಕೋಲಿನಿಂದ ಹರಿವಿಗೆ ತಳ್ಳಿದರು.

ಮೂರನೆಯ ದಿನ: ಉದ್ಯಾನದ ದಾರಿಯಲ್ಲಿ

ಈ ದಿನ ಗಾಳದ ಕೋಲನ್ನು ಕೋಣೆಯಲ್ಲಿಯೇ ಬಿಟ್ಟು ಗ್ರೇಟ್ ಹಿಮಾಲಯನ್ ರಾಷ್ಟ್ರೀಯ ಉದ್ಯಾನದ ಕಡೆಗೆ ನಡೆದೆವು. 2014ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಈ ಉದ್ಯಾನದೊಳಗಿನಿಂದಲೇ ತೀರ್ಥನ್ ಇಳಿದು ಬರುತ್ತದೆ. ಈ ನದಿಗೂ ಜಲವಿದ್ಯುತ್ ಯೋಜನೆಗಳು ಬರುವುದರಲ್ಲಿದ್ದವು. ಕಣಿವೆಯವರೇ ಹೋರಾಡಿ ತಡೆದದ್ದರಿಂದ ಲಾರ್ಜಿಯವರೆಗೆ ಇದು ತಡೆಯಿಲ್ಲದೆ ಹರಿಯುತ್ತಿದೆ. ದಾರಿಯುದ್ದಕ್ಕೂ ಬಿಳಿ ನೆತ್ತಿಯ, ಇಟ್ಟಿಗೆ ಕೆಂಪು ಹೊಟ್ಟೆಯ ಹಕ್ಕಿಯೊಂದು ಬಂಡೆಯಿಂದ ಬಂಡೆಗೆ ನಮ್ಮ ಮುಂದೆ ಹಾರುತ್ತ ಬಂತು.

ನದಿ ಎರಡಾಗಿ ಒಡೆದು ಹರಿಯುವ ಒಂದು ಕಡೆ ಮಾರ್ಗದರ್ಶಿ ಥಟ್ಟನೆ ನಿಂತರು. ಚಿಕ್ಕ ಕವಲಿನ ಬಾಯಿಗೆ ಯಾರೋ ಕಲ್ಲು ಪೇರಿಸಿ, ಸಂದುಗಳಿಗೆ ಹುಲ್ಲು ಮತ್ತು ಪ್ಲಾಸ್ಟಿಕ್ ತುರುಕಿದ್ದರು. ರಾತ್ರಿ ಹೀಗೆ ನೀರು ತಿರುಗಿಸಿದರೆ ಬೆಳಗಾಗುವಷ್ಟರಲ್ಲಿ ಕವಲು ಬತ್ತಿ, ಮೀನುಗಳನ್ನು ಕೈಯಲ್ಲಿಯೇ ಆರಿಸಿಕೊಳ್ಳಬಹುದು. ಗಾಳವೂ ಬೇಡ, ಬಲೆಯೂ ಬೇಡ. ದೊಡ್ಡವನ್ನು ಒಯ್ದಾಗಿತ್ತು. ಬೆರಳುದ್ದದ ಮರಿಗಳು ಮಾತ್ರ ತಗ್ಗುಗಳಲ್ಲಿ ಉಳಿದ ನೀರಿನಲ್ಲಿ ಒದ್ದಾಡುತ್ತಿದ್ದವು. ನಾವು ಮೂವರೂ ಪ್ಯಾಂಟು ಮಡಚಿ ಇಳಿದು ಕಲ್ಲು ಕಿತ್ತೆವು. ಕಾಲು ಮರಗಟ್ಟಿಸುವ ಆ ನೀರು ನುಗ್ಗಿ ಬಂದಾಗ ಮರಿಗಳು ಒಂದು ಕ್ಷಣ ದಿಕ್ಕುಗೆಟ್ಟು, ಬಳಿಕ ಎಲ್ಲವೂ ಒಟ್ಟಿಗೆ ಹರಿವಿನತ್ತ ಮುಖ ತಿರುಗಿಸಿದವು. ಯಾರ ಕೆಲಸವೆಂದು ಮಾರ್ಗದರ್ಶಿಗೆ ಗೊತ್ತಿದ್ದಂತಿತ್ತು. ಊರ ಹೆಸರು ಕೆಡುತ್ತದೆಂದೋ ಏನೋ, ನಾವು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಇನ್ನೊಂದಷ್ಟು ಮೇಲೆ ಅವರು ನೀರಿನ ತಳದಲ್ಲಿ ಸುತ್ತಲಿನ ಪಾಚಿಗಟ್ಟಿದ ಕಲ್ಲುಗಳ ನಡುವೆ ತೊಳೆದಿಟ್ಟಂತೆ ಬೆಳ್ಳಗೆ ಕಾಣುವ ಜಲ್ಲಿಯ ತೇಪೆಯೊಂದನ್ನು ತೋರಿಸಿದರು. ಹೆಣ್ಣು ಟ್ರೌಟ್ ಬಾಲದಿಂದ ಜಲ್ಲಿ ಕೆದರಿ ಮೊಟ್ಟೆಯಿಡುವ ಗೂಡು ಅದು. ಈ ವರ್ಷ ಬೇಗನೆ ಶುರುವಾಗಿದೆ ಎಂದರು. ಅಂಥ ಕಡೆ ಒಂದು ಹೆಜ್ಜೆ ಇಟ್ಟರೂ ಕೆಳಗಿನ ಮೊಟ್ಟೆಗಳು ನುಚ್ಚಾಗುತ್ತವೆ. ಋತು ಮುಚ್ಚುವ ತಾರೀಖು ಮೀನಿಗೆ ಗೊತ್ತಿಲ್ಲವಾದ್ದರಿಂದ, ಅಕ್ಟೋಬರ್ ಕೊನೆಯಲ್ಲಿ ಬರುವವರು ತೆಳುನೀರಿನ ಜಲ್ಲಿಯ ಮೇಲೆ ಕಾಲಿಡದೆ ದಂಡೆಯಲ್ಲಿಯೇ ನಡೆಯಬೇಕು.

ಹಿಂದಿರುಗುವಾಗ ಊರ ಹತ್ತಿರ, ಬಿದಿರಿನ ಕೋಲಿಗೆ ಎರೆಹುಳು ಕಟ್ಟಿ ಕೂತಿದ್ದ ಮುದುಕರೊಬ್ಬರು ಸಿಕ್ಕಿದರು. ಪಕ್ಕದ ಡಬ್ಬಿಯಲ್ಲಿ ಎರಡು ಟ್ರೌಟ್ ಇದ್ದವು. ಪರವಾನಗಿಯಂತೂ ಇರಲಿಲ್ಲ. ಮಾರ್ಗದರ್ಶಿ ಅವರ ಕಾಲು ಮುಟ್ಟಿ ನಮಸ್ಕರಿಸಿ, ಕುಶಲ ವಿಚಾರಿಸಿ, ಡಬ್ಬಿಯ ಕಡೆ ನೋಡದೆ ಎದ್ದರು. ಗೆಳೆಯನಿಗೆ ತಡೆಯಲಾಗಲಿಲ್ಲ, ಬಿಡಬಾರದೇ ಬಾಬಾಜಿ ಎಂದು ಕೇಳಿಯೇಬಿಟ್ಟ. ಮುದುಕರು ಅವನನ್ನು ಮೇಲಿಂದ ಕೆಳಗೆ ನೋಡಿ, "ಬಿಡುವುದಾದರೆ ನೀನು ಹಿಡಿಯುವುದೇಕೆ ಮಗಾ? ನಾನು ಹಸಿವಿಗೆ ಹಿಡಿಯುತ್ತೇನೆ, ನೀನು ಖುಷಿಗೆ ಅದರ ಬಾಯಿ ಚುಚ್ಚುತ್ತೀಯ" ಎಂದರು. ಅಷ್ಟಕ್ಕೆ ನಿಲ್ಲಿಸದೆ, ತಾವು ಹುಡುಗರಾಗಿದ್ದಾಗ ಈ ನೀರಿನಲ್ಲಿ ಗುಗ್ಲಿ ಹೇರಳವಾಗಿತ್ತೆಂದೂ, ಈಗ ಎಲ್ಲೆಲ್ಲೂ ಸಾಹೇಬರ ಮೀನೇ ಎಂದೂ ಹೇಳಿದರು.

ಆ ಮಾತು ಸುಳ್ಳಲ್ಲ. ಗುಗ್ಲಿ ಎಂದರೆ ಹಿಮಾಲಯದ ಮೂಲನಿವಾಸಿ ಸ್ನೋ ಟ್ರೌಟ್; ಹೆಸರಿನಲ್ಲಿ ಟ್ರೌಟ್ ಇದ್ದರೂ ಅದು ನಮ್ಮ ಗೆಂಡೆ, ಕಾಟ್ಲಾಗಳ ಬಳಗದ್ದು. ಬ್ರೌನ್ ಟ್ರೌಟ್ ಯುರೋಪಿನದು. ಬ್ರಿಟಿಷರು 1900ರಲ್ಲಿ ಅದರ ಮೊಟ್ಟೆಗಳನ್ನು ಕಾಶ್ಮೀರಕ್ಕೆ ತಂದರು. ಅಲ್ಲಿಂದ 1909ರಲ್ಲಿ ಕುಲ್ಲು ಕಣಿವೆಯ ಮಹಿಲಿಯ ಮರಿಕೇಂದ್ರಕ್ಕೆ ಬಂದು, ಮೇಲಿನ ನದಿಗಳಿಗೆಲ್ಲ ಹರಡಿತು. ದೊಡ್ಡದಾದ ಬ್ರೌನ್ ಟ್ರೌಟ್ ಇತರ ಮೀನಿನ ಮರಿಗಳನ್ನೂ ತಿನ್ನುತ್ತದೆ. ನಾವು ಇಷ್ಟು ಜತನದಿಂದ ಬಿಡುವ ಮೀನು ಪರದೇಶಿ ಎಂಬುದನ್ನು ಗಾಳದ ಗೆಳೆಯರು ಸುಲಭವಾಗಿ ಮರೆಯುತ್ತಾರೆ.

ರಾತ್ರಿ ಬುಖಾರಿ ಎಂಬ ಕಟ್ಟಿಗೆ ಒಲೆಯ ಸುತ್ತ ಕೂತು ಇದೇ ವಾದ ಮುಂದುವರಿಯಿತು. ಶೃಂಗೇರಿಯ ತುಂಗೆಯಲ್ಲಿ ಮೀನಿಗೆ ಪುರಿ ಹಾಕಿ ಕೈಮುಗಿಯುವ ನಮ್ಮಲ್ಲಿ ಗಾಳವೇ ಇಲ್ಲದೆ ಮೀನು ಉಳಿದಿಲ್ಲವೇ ಎಂದು ನಾನು ಕೇಳಿದೆ. ಶಿಶಿಲದ ಮತ್ಸ್ಯತೀರ್ಥದಲ್ಲಿ 1996ರಲ್ಲಿ ವಿಷ ಹಾಕಿ ಸಾವಿರಾರು ದೇವರ ಮೀನುಗಳನ್ನು ಕೊಂದದ್ದನ್ನು ಗೆಳೆಯ ನೆನಪಿಸಿ, ನಂಬಿಕೆಯ ಕಾವಲಿಗಿಂತ ದಿನವೂ ದಂಡೆಯಲ್ಲಿ ನಡೆಯುವವನ ಕಣ್ಣಿನ ಕಾವಲು ಮೇಲು ಎಂದ. ಬೆಳಿಗ್ಗೆ ಕಲ್ಲಿನ ಕಟ್ಟೆಯನ್ನು ಕಂಡುಹಿಡಿದದ್ದು ಅಂಥ ಕಣ್ಣೇ ಅಲ್ಲವೇ ಎಂದೂ ಕೇಳಿದ. ಆ ಮಾತಿಗೆ ನಾನು ಒಪ್ಪಿದೆ. ಆದರೆ ಮುದುಕರನ್ನು ಕಟ್ಟೆ ಕಟ್ಟಿದವರ ಸಾಲಿಗೆ ಸೇರಿಸಲು ನನಗೆ ಮನಸ್ಸು ಬರಲಿಲ್ಲ, ಅವನಿಗೆ ಬಂತು. ಹೊಟ್ಟೆ ತುಂಬ ಮೊಟ್ಟೆಯಿದ್ದ ಹೆಣ್ಣು ಮೀನನ್ನು ಅಕ್ಟೋಬರಿನಲ್ಲಿ ಹಿಡಿದವರು ಯಾರಾದರೇನು ಎಂಬುದು ಅವನ ವಾದ. ಅದರಲ್ಲಿಯೂ ಹುರುಳಿದೆ.

ಕೊನೆಯ ದಿನ: ಲೆಕ್ಕದ ಪುಸ್ತಕ

ಹೊರಡುವ ಮುನ್ನ ಯಜಮಾನರು ಉದ್ದನೆಯ ಖಾತೆ ಪುಸ್ತಕವೊಂದನ್ನು ಮುಂದಿಟ್ಟರು. ತಾರೀಖು, ಮಡು, ಮೀನಿನ ಉದ್ದ, ಬಿಟ್ಟದ್ದು, ಸತ್ತದ್ದು ಎಂದು ಗೆರೆ ಎಳೆದಿದ್ದರು. ಗೆಳೆಯ ತನ್ನ ಸಾಲುಗಳನ್ನು ತುಂಬಿ, ಕೊನೆಯ ಅಂಕಣದಲ್ಲಿ ಸೊನ್ನೆ ಬರೆದ. ಯಜಮಾನರ ತಮ್ಮ ಅದರ ಕೆಳಗೆ, ಸೇತುವೆಯ ಬಳಿ ತೇಲುತ್ತಿದ್ದ ಮೀನನ್ನೂ ಸೇರಿಸಿದರು. ಅದು ನಮ್ಮ ಲೆಕ್ಕದ್ದಲ್ಲವಲ್ಲ ಎಂದು ಗೆಳೆಯ ತಕರಾರು ತೆಗೆದಾಗ, "ನಿಮ್ಮದಲ್ಲ, ನದಿಯದು" ಎಂದು ಅವರು ಪೆನ್ನಿನ ಮುಚ್ಚಳ ಹಾಕಿದರು.

ಶಿಮ್ಲಾ ಕಡೆಗೆ ಹೋಗಲು ನಾವು ಜಲೋರಿ ಕಣಿವೆದಾರಿಯನ್ನು ಹಿಡಿದೆವು. ಮೂರು ಸಾವಿರ ಮೀಟರಿಗೂ ಮಿಕ್ಕ ಎತ್ತರದ ಆ ರಸ್ತೆ ಕೊನೆಯ ಏರಿನಲ್ಲಿ ಎಷ್ಟು ಕಡಿದಾಗಿದೆಯೆಂದರೆ ಟ್ಯಾಕ್ಸಿ ಮೊದಲ ಗೇರಿನಲ್ಲಿಯೇ ನರಳುತ್ತಿತ್ತು. ಮೇಲಿನ ಢಾಬಾದಲ್ಲಿ ರಾಜ್ಮಾ, ಅನ್ನ ತಿನ್ನುತ್ತಿದ್ದಾಗ, ಸೇತುವೆಯ ಕೆಳಗೆ ಕಂಡ ಆ ಯುವಕರೂ ಬಂದು ಪಕ್ಕದ ಮೇಜಿನಲ್ಲಿ ಕೂತರು. ಗೆಳೆಯ ಜಗಳಕ್ಕೆ ಹೋಗುತ್ತಾನೆಂದು ನಾನು ಅಂಜಿದ್ದೆ. ಅವನು ತನ್ನ ಪೆಟ್ಟಿಗೆ ತೆರೆದು, ಇಕ್ಕಳ ತೆಗೆದು, ಅವರ ಸ್ಪಿನ್ನರಿನ ಮೂರು ಮೊನೆಯ ಗಾಳವನ್ನು ಬಿಚ್ಚಿ ಒಂಟಿ ಗಾಳ ಹಾಕಿಕೊಟ್ಟು, ಹಿಮ್ಮುಳ್ಳು ಒತ್ತುವುದನ್ನು ತೋರಿಸಿದ. ಸತ್ತ ಮೀನಿನ ಸುದ್ದಿಯನ್ನು ಅವನು ಎತ್ತಲಿಲ್ಲ. ಹಿಮ್ಮುಳ್ಳಿಲ್ಲದಿದ್ದರೆ ಮೀನು ತಪ್ಪಿಸಿಕೊಳ್ಳುವುದಿಲ್ಲವೇ ಎಂದು ಒಬ್ಬ ಕೇಳಿದ. ದಾರ ಸಡಿಲ ಬಿಟ್ಟರೆ ತಪ್ಪಿಸಿಕೊಳ್ಳುತ್ತದೆ, ಬಿಡಬೇಡಿ ಎಂದ ಗೆಳೆಯ, ತನ್ನ ಕಿವಿಯ ಗಾಯವನ್ನೂ ತೋರಿಸಿದ. ಅವರು ಮಾರ್ಚಿನಲ್ಲಿ ಮತ್ತೆ ಬರುವವರಂತೆ. ಬರುವುದಾದರೆ ಮಾರ್ಚ್, ಏಪ್ರಿಲ್ ಮೊದಲ ಭಾಗದೊಳಗೆ ಬನ್ನಿ, ಆಮೇಲೆ ಹಿಮ ಕರಗಿದ ನೀರು ಸೇರಿ ನದಿ ಕಲಕುತ್ತದೆ, ಮಳೆಗಾಲದಲ್ಲಂತೂ ಆಸೆಯೇ ಬೇಡ ಎಂದು ಢಾಬಾದವರೇ ಅವರಿಗೆ ಹೇಳಿ, ನಮ್ಮ ತಟ್ಟೆಗೆ ಇನ್ನೊಂದು ಸೌಟು ರಾಜ್ಮಾ ಹಾಕಿದರು.